ಬೇವಿನಡಿಯ ಷಡ್ಜ

ಕಲ್ಲಿಗೆ ಕೈಮುಗಿಯುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮವ್ವ ಮುಗಿಯುತ್ತಿದ್ದಳು, ನಾನೂ ಮುಗಿದಿದ್ದೇನೆ. ನನ್ನ ಸಿಟ್ಟು ಒಂದೇ ಒಂದು ಕಲ್ಲಿನದು. ಅದು ದನಿ ಮಾಡುತ್ತಿದ್ದಾಗ ಕಿವಿ ಕೊಡದ ಜನ ಅದರ ದನಿ ಅಡಗಿಸಿದ ಮೇಲೆ ಅಡ್ಡಬಿದ್ದರು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ಐವತ್ತರ ದಶಕದ ನಡುವೆ ನಾನು ಮದುವೆಯಾಗಿ ಧಾರವಾಡದಿಂದ ನಾಗಪುರಕ್ಕೆ ಬಂದೆ. ಗಂಡನಿಗೆ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಕಾರಕೂನಿಕೆ. ಪಾತ್ರೆಪಡಗದ ಜೊತೆ ನನ್ನ ತಂಬೂರಿಯೂ ಬಂದಿತ್ತು, ಆದರೆ ಬರೀ ಗೋಡೆಗೆ ಒರಗಲು ಬಂದಿತ್ತು. ಮದುವೆಗೆ ಮೊದಲೇ ವಿಷಮಜ್ವರ ಬಂದು ನನ್ನ ದನಿ ಒಡೆದು ಹೋಗಿತ್ತು. ಚಿಕ್ಕಂದಿನಿಂದ ಗುರುಗಳ ಮುಂದೆ ಕೂತು ಕಲಿತ ಹಾಡಿಕೆ ಗಂಟಲಲ್ಲೇ ಉಳಿಯಿತು. "ಮೈ ಉಳೀತಲ್ಲ, ಅಷ್ಟ ಸಾಕು" ಎಂದರು ಎಲ್ಲರೂ. ಹಾಗೆ ಹೇಳಿದವರ ಗಂಟಲು ಸರಿಯಾಗಿಯೇ ಇತ್ತು.

ಮೊದಲ ಬೇಸಿಗೆಯಲ್ಲಿ ಒಂದು ಭಾನುವಾರ ಗಂಡ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಊರಾಚೆಯ ವಾಡಿ ಎಂಬ ಹಳ್ಳಿಯ ಕಡೆಗೆ ಕರೆದೊಯ್ದ. ಆಗ ಅಲ್ಲಿ ಲಾರಿಗಳ ಗದ್ದಲವಿರಲಿಲ್ಲ, ಹೊಲಗಳ ಆಚೆ ಕರಿಕಲ್ಲಿನ ಬೋಳು ಗುಡ್ಡಗಳಿದ್ದವು. ಬಿಸಿಲು ಇಳಿಯುವ ಹೊತ್ತು. ಇಳಿಜಾರಿನಲ್ಲಿ ಒಂದು ಮೇಕೆ ಕಾಲು ಜಾರಿ ಚಪ್ಪಡಿಯೊಂದನ್ನು ಒದೆಯಿತು. ಆ ಕಲ್ಲು ಕಂಚಿನ ತಟ್ಟೆಯ ಹಾಗೆ ಠಣ್ ಎಂದಿತು. ನಾನು ಸೆರಗು ಬಿಗಿದುಕೊಂಡು ಗುಡ್ಡ ಹತ್ತಿದೆ. ಗೇಣಿನಷ್ಟು ಉದ್ದದವು, ಮೊಣಕೈಯಷ್ಟು ಉದ್ದದವು, ಎಷ್ಟೋ ಚಪ್ಪಡಿಗಳು ಅಲ್ಲಿ ಬಿದ್ದಿದ್ದವು. ಕೆಲವು ಬಡಿದರೆ ಮೂಕ, ಕೆಲವು ಬಡಿದರೆ ಹಾಡು.

"ಇದೇನ ಹುಚ್ಚ ನಿಂದು? ಬೀಸೋ ಕಲ್ಲು ಮನ್ಯಾಗ ಐತಲ್ಲ" ಎಂದು ಗಂಡ ನಕ್ಕ. ನಕ್ಕರೂ ಒಂದೊಂದೇ ಕಲ್ಲನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಹಲವು ಭಾನುವಾರ ಮನೆಗೆ ತಂದುಕೊಟ್ಟ. ಅದನ್ನು ನಾನು ಮರೆತಿಲ್ಲ, ಮರೆತರೆ ಅನ್ಯಾಯವಾದೀತು. ಎಲ್ಲಕ್ಕಿಂತ ದೊಡ್ಡ ಕಲ್ಲು ಮಾತ್ರ ಎತ್ತಿನ ಗಾಡಿಯಲ್ಲಿ ಬಂತು. ಅದನ್ನು ಒಳಗೆ ಒಯ್ಯಲಾಗದೆ ಕ್ವಾರ್ಟರ್ಸಿನ ಹಿಂದಿನ ಬೇವಿನ ಮರದ ಕೆಳಗೆ, ಎರಡು ಸಿಂಬೆಗಳ ಮೇಲೆ ಮಲಗಿಸಿದೆವು. ಕೊಡ ಇಡಲು ಹುಲ್ಲಿನಲ್ಲಿ ಸುತ್ತುತ್ತೇವಲ್ಲ, ಅವೇ ಸಿಂಬೆ. ಕಲ್ಲು ನೆಲಕ್ಕೆ ತಾಗಿದರೆ ದನಿ ಸಾಯುತ್ತದೆ, ಸಿಂಬೆಯ ಮೇಲಿದ್ದರೆ ಬದುಕುತ್ತದೆ.

ಹುಣಸೆ ಕಟ್ಟಿಗೆಯ ಕೊಡತಿಗೆ ಬಟ್ಟೆ ಸುತ್ತಿ ಮೊದಲ ಸಲ ಆ ದೊಡ್ಡ ಕಲ್ಲನ್ನು ಬಡಿದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ತೆರೆದ ಬಾಗಿಲಿನ ಒಳಗೆ, ಗೋಡೆಗೆ ಒರಗಿದ್ದ ತಂಬೂರಿಯ ಷಡ್ಜದ ತಂತಿ ಯಾರೂ ಮುಟ್ಟದೆ ತಾನೇ ಝೇಂಕರಿಸಿತು. ಷಡ್ಜ ಎಂದರೆ 'ಸ', ಎಲ್ಲ ಸ್ವರಗಳೂ ಹೊರಟು ಮರಳಿ ಬಂದು ಸೇರುವ ಮನೆ. ನನ್ನ ಗಂಟಲು ಕಳೆದುಕೊಂಡ ಷಡ್ಜವನ್ನು ಆ ಕರಿಕಲ್ಲು ಹಿಡಿದಿತ್ತು. ನಾನು ಅಲ್ಲೇ ಬೇವಿನ ಬೇರಿನ ಮೇಲೆ ಕೂತು ಅತ್ತೆ.

ಅಂದಿನಿಂದ ನಾನು ಕಟ್ಟಿದ್ದು ಹಾಡಲ್ಲ, ರಾಗವಲ್ಲ. ಆ ಗುಡ್ಡದ ಒಂದು ದಿನವನ್ನು ದನಿಯಲ್ಲಿ ಕಟ್ಟಲು ಹೊರಟಿದ್ದೆ. ಚಿಕ್ಕ ಕಲ್ಲುಗಳನ್ನು ಸಂತ್ರಾ ಹಣ್ಣಿನ ಖಾಲಿ ಪೆಟ್ಟಿಗೆಗಳ ಮೇಲೆ ಸಿಂಬೆ ಹಾಕಿ ಇಟ್ಟೆ. ಪೆಟ್ಟಿಗೆಯ ಪೊಳ್ಳು ಅವುಗಳ ದನಿಯನ್ನು ದೊಡ್ಡದು ಮಾಡುತ್ತಿತ್ತು. ನಡುಹಗಲ ಬಿಸಿಗಾಳಿಗೆ ಖಾಲಿ ಗಡಿಗೆಗಳ ಬಾಯಿಯನ್ನು ಊದುತ್ತಿದ್ದೆ. ಒಣಗಿದ ತೇಗದ ಎಲೆಗಳನ್ನು ಮೊರದಲ್ಲಿ ಕೇರುತ್ತಿದ್ದೆ. ಕಾದ ಬಂಡೆ ಸಂಜೆಗೆ ತಣಿದು ಚಟ್ಟನೆ ಸಿಡಿಯುವುದಕ್ಕೆ ಎರಡು ಬೆಣಚುಗಲ್ಲು ಇದ್ದವು. ಎಲ್ಲ ದನಿಗಳೂ ಕೊನೆಗೆ ಬೇವಿನಡಿಯ ಷಡ್ಜಕ್ಕೆ ಬಂದು ಸೇರುತ್ತಿದ್ದವು. ಅದೊಂದಿಲ್ಲದಿದ್ದರೆ ಉಳಿದದ್ದು ಬರೀ ಸದ್ದು.

ಬರೀ ಸದ್ದು ಎಂದೇ ಕಾಲೊನಿಯ ಗಂಡಸರು ತೀರ್ಮಾನಿಸಿದ್ದರು. ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಹಗಲು ನಿದ್ದೆ ಇಲ್ಲವಂತೆ. ರೈಲಿನ ಕೂಗಿಗೆ, ಶಂಟಿಂಗಿನ ಧಡಾರಿಗೆ ಎಚ್ಚರಾಗದ ನಿದ್ದೆ ನನ್ನ ಕಲ್ಲಿಗೆ ಹಾರಿಹೋಗುತ್ತಿತ್ತು! ದೂರು ನನಗೆ ಹೇಳುತ್ತಿರಲಿಲ್ಲ, ಗಂಡನಿಗೆ ಹೇಳುತ್ತಿದ್ದರು. ಅವನು ಸಂಜೆ ಚಹಾ ಕುಡಿಯುತ್ತ "ಸ್ವಲ್ಪ ಮೆತ್ತಗ ಬಡಿ" ಎನ್ನುತ್ತಿದ್ದ.

ಕೇಳಲು ಬರುತ್ತಿದ್ದವಳು ಒಬ್ಬಳೇ, ಪಕ್ಕದ ಮನೆಯ ಮರಾಠಿ ಆಜಿ, ಇಂಜಿನ್ ಡ್ರೈವರನ ತಾಯಿ. ಮಧ್ಯಾಹ್ನ ನನ್ನ ಹಿತ್ತಿಲ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಕಣ್ಣು ಮುಚ್ಚುತ್ತಿದ್ದಳು. ನಾನು ನಿಲ್ಲಿಸಿದರೆ ಕಣ್ಣು ತೆರೆದು "ದಗಡ ಬೋಲತೇ, ಪೋರಿ" ಎನ್ನುತ್ತಿದ್ದಳು. ಕಲ್ಲು ಮಾತಾಡುತ್ತದೆ, ಹುಡುಗಿ. ಅವಳು ಮುದುಕಿ, ಏನೋ ಅನ್ನುತ್ತಾಳೆ ಎಂದು ನಾನು ನಕ್ಕು ಮತ್ತೆ ಕೊಡತಿ ಎತ್ತುತ್ತಿದ್ದೆ.

ನಮ್ಮ ಕನ್ನಡ ಮಂದಿಗೆ ಒಂದು ಸಂಘವಿತ್ತು. ದಸರೆಯಲ್ಲಿ ಸದರ್ ಬಡಾವಣೆಯ ಶಾಲೆಯೊಂದರ ಹಾಲ್ ಹಿಡಿದು ನಾಡಹಬ್ಬ ಮಾಡುತ್ತಿದ್ದರು. ಆ ವರ್ಷ ಕರ್ನಾಟಕ ಒಂದಾಗುವ ಹುಮ್ಮಸ್ಸು ಬೇರೆ. ನಾನೂ ಒಂದು ಕಾರ್ಯಕ್ರಮ ಕೊಡುತ್ತೇನೆ ಎಂದು ಅಧ್ಯಕ್ಷರ ಮನೆಗೆ ಹೋದೆ. ಮೈಸೂರು ಕಡೆಯ ದೊಡ್ಡ ಆಫೀಸರು ಅವರು.

"ಅಲ್ಲಮ್ಮಾ, ಇದು ಯಾವ ರಾಗ?" ಎಂದರು.

"ರಾಗ ಅಲ್ರೀ. ವಾಡಿ ಗುಡ್ಡದ ಒಂದು ದಿನ. ಮುಂಜಾನಿಂದ ಸಂಜೀತನಕ."

"ಗುಡ್ಡ ಕೇಳೋದಕ್ಕೆ ಜನ ಟಾಂಗಾ ಮಾಡ್ಕೊಂಡು ಹಾಲಿಗೆ ಯಾಕಮ್ಮಾ ಬರ್ತಾರೆ? ಗುಡ್ಡಕ್ಕೇ ಹೋಗ್ತಾರೆ. ಒಂದು ಭಾವಗೀತೆ ಹಾಡಿಬಿಡಿ, ಚೆನ್ನಾಗಿರುತ್ತೆ."

"ನನಗ ಹಾಡಾಕ ಬರೂದಿಲ್ರೀ. ಗಂಟಲು ಹೋಗೇತಿ."

ಕೋಣನ ಮುಂದೆ ಕಿನ್ನರಿ ಬಾರಿಸಬೇಕೆಂದರೂ ಕೋಣ ಎದುರಿಗೆ ನಿಲ್ಲಬೇಕಲ್ಲ. ಇವರು ಒಮ್ಮೆ ಬಂದು ಕೇಳಲೂ ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಮೂರು ಸಲ ಹೋದೆ. ಕೊನೆಗೆ ನಾಟಕಕ್ಕೆ ಮೊದಲು, ಬಣ್ಣ ಹಚ್ಚಿಕೊಳ್ಳುವ ಬಿಡುವಿನಲ್ಲಿ ಜಾಗ ಕೊಟ್ಟರು. ಅಷ್ಟು ಸಾಕಾಗಿತ್ತು ನನಗೆ. ಒಂದು ಸಲ, ಒಂದೇ ಸಲ ಜನ ಕೂತು ಅದನ್ನು ಪೂರ್ತಿ ಕೇಳಬೇಕಿತ್ತು. ಜ್ವರ ನುಂಗಿದ ಮೇಲೂ ನನ್ನಲ್ಲಿ ಸಂಗೀತ ಉಳಿದಿದೆ ಎಂದು ನಾಲ್ಕು ಜನರಿಗೆ ಗೊತ್ತಾಗಬೇಕಿತ್ತು.

ಶ್ರಾವಣ ಮುಗಿದು ಗೌರಿ ಹಬ್ಬಕ್ಕೆ ತವರಿಗೆ ಹೋದೆ. ಮರಳಿ ಬಂದಾಗ ಬೇವಿನ ಕೆಳಗೆ ನನ್ನ ಷಡ್ಜ ಇರಲಿಲ್ಲ.

ಇತ್ತು, ಆದರೆ ಕೆಂಪಗೆ ಇತ್ತು. ಎಣ್ಣೆಯಲ್ಲಿ ಕಲಸಿದ ಶೇಂದೂರ ಮೈತುಂಬ ಮೆತ್ತಿ, ಎರಡು ಬೆಳ್ಳಿ ಕಣ್ಣು ಅಂಟಿಸಿ, ಕಲ್ಲನ್ನು ನೆಟ್ಟಗೆ ನಿಲ್ಲಿಸಿದ್ದರು. ಅರ್ಧ ಮೈ ಸಿಮೆಂಟಿನ ಕಟ್ಟೆಯೊಳಗೆ ಹೂತಿತ್ತು. ಸಿಂಬೆಗಳು ಗಟಾರದ ಬದಿಯಲ್ಲಿ ಬಿದ್ದು ಕೊಳೆಯುತ್ತಿದ್ದವು. ಮೇಲೆ ಬೇವಿನ ಕೊಂಬೆಗೆ ಒಂದು ಹಿತ್ತಾಳೆ ಗಂಟೆ. ಬಂದವರೆಲ್ಲ ಅದನ್ನು ಢಣಢಣ ಬಾರಿಸಿ ಹೋಗುತ್ತಿದ್ದರು, ಹಗಲು ನಿದ್ದೆಯ ಗಂಡಸರೇ ಮೊದಲು! ತಾನೇ ಗಂಟೆಯಾಗಿದ್ದ ಕಲ್ಲನ್ನು ಹೂತು, ಅದರ ತಲೆಯ ಮೇಲೆ ಅಂಗಡಿಯಿಂದ ತಂದ ಗಂಟೆ ಕಟ್ಟಿದ್ದರು. ಇದಕ್ಕೆ ಏನನ್ನಬೇಕು?

ನಡೆದದ್ದು ಇಷ್ಟು. ನಾನಿಲ್ಲದಾಗ ಒಂದು ದಿನ ಜೋರು ಮಳೆ ಬಂದು ನಿಂತಿತ್ತಂತೆ. ಗಾಳಿಗೆ ಬೇವಿನ ಒಣಕೊಂಬೆ ಮುರಿದು ಕಲ್ಲಿನ ಮೇಲೆ ಬಿದ್ದು, ಯಾರೂ ಬಡಿಯದೆ ಅದು ದನಿ ಮಾಡಿತು. ಆಜಿ ಓಡಿಬಂದು ಅಡ್ಡಬಿದ್ದಳು, ಒಳಗಿನಿಂದ ಶೇಂದೂರ ತಂದು ಬೊಟ್ಟಿಟ್ಟಳು. ಒಂದು ಬೊಟ್ಟು, ಅಷ್ಟೇ. ಊರಿಗೆ ಅಷ್ಟು ಸಾಕಾಯಿತು. ಉಳಿದದ್ದನ್ನು ಕಾಲೊನಿಯ ಗಂಡಸರು ಕಮಿಟಿ ಮಾಡಿ ಮುಗಿಸಿದ್ದರು.

ನಾನು ಹಾರೆ ಹುಡುಕತೊಡಗಿದೆ. ಗಂಡ ಬಾಗಿಲಿಗೆ ಅಡ್ಡ ನಿಂತ.

"ದೇವರನ್ನ ಕೀಳ್ತೀಯೇನ? ನಾಳೆ ಇದ ಮಂದಿ ಜೋಡಿ ನಾ ನೌಕರಿ ಮಾಡಬೇಕು."

"ಅದು ನನ್ನ ಕಲ್ಲು ಅನ್ನೂದು ನಿಮಗ ಗೊತ್ತಿಲ್ಲೇನ್ರೀ? ಗಾಡ್ಯಾಗ ಹೇರಿಸಿ ತಂದವ್ರು ನೀವ."

"ಗೊತ್ತೈತಿ. ಆದ್ರ ಈಗೇನ ಮಾಡಾಕ ಬರ್ತದ ಹೇಳು? ಬಿಟ್ಟುಬಿಡ."

ಬಿಟ್ಟುಬಿಡು ಎಂಬುದನ್ನು ಅವನು ಎಷ್ಟು ಮೃದುವಾಗಿ ಹೇಳುತ್ತಿದ್ದನೆಂದರೆ, ಎದುರಾಡಿದರೆ ನಾನೇ ಜಗಳಗಂಟಿ ಅನ್ನಿಸಿಕೊಳ್ಳುತ್ತಿದ್ದೆ. ಅಧ್ಯಕ್ಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸುದ್ದಿ ಕೇಳಿ ಹೆಂಡತಿ ಮಕ್ಕಳೊಂದಿಗೆ ಟಾಂಗಾ ಮಾಡಿಕೊಂಡು ಬಂದು, ಕಾಯಿ ಒಡೆಸಿ, "ನಿಮ್ಮ ಮನೆ ಹಿಂದೇನೇ ಪ್ರತ್ಯಕ್ಷ ಆಗಿದೆಯಲ್ಲಮ್ಮಾ, ಪುಣ್ಯವಂತರು ನೀವು" ಎಂದರು. ಸಂಗೀತ ಕೇಳಲು ಅವರಿಗೆ ದೂರವಾಗಿದ್ದ ಕಾಲೊನಿ ಈಗ ಹತ್ತಿರವಾಗಿತ್ತು. ನಾನು ಅವರಿಗೆ ಕುಡಿಯಲು ನೀರು ಕೂಡ ಕೊಡಲಿಲ್ಲ.

ಮರುದಿನ ನಸುಕಿನಲ್ಲಿ, ಯಾರೂ ಎದ್ದಿರದಾಗ, ಕೊಡತಿ ತೆಗೆದುಕೊಂಡು ಹೋಗಿ ಆ ಕಲ್ಲನ್ನು ಬಡಿದೆ. ಥಪ್ ಎಂದಿತು. ಹಸಿ ಗೋಡೆಗೆ ಸೆಗಣಿ ತಟ್ಟಿದಂತೆ. ಮತ್ತೆ ಬಡಿದೆ. ಮತ್ತೆ ಥಪ್.

ಹಿಂದೆ ಆಜಿ ನಿಂತಿದ್ದಳು, ಕೈಯಲ್ಲಿ ಹೂವಿನ ಬುಟ್ಟಿ. ದೇವರಿಗೆ ಹೊಡೆದೆ ಎಂದು ಬೊಬ್ಬೆ ಹಾಕುತ್ತಾಳೆ ಎಂದುಕೊಂಡೆ. ಹಾಕಲಿ, ನಾನೂ ನಾಲ್ಕು ಮಾತು ಆಡಿಯೇ ಬಿಡುತ್ತೇನೆ ಎಂದು ತಿರುಗಿದೆ. ಅವಳ ಕಣ್ಣಲ್ಲಿ ನೀರಿತ್ತು.

"ಆತಾ ಬೋಲತ ನಾಹೀ" ಎಂದಳು. ಈಗ ಮಾತಾಡುವುದಿಲ್ಲ. ಕಟ್ಟೆ ಕಟ್ಟಿದ ದಿನದಿಂದ ದಿನವೂ ಕಿವಿ ಹಚ್ಚಿ ನೋಡುತ್ತಿದ್ದೇನೆ, ದೇವರು ನನ್ನ ಮೇಲೆ ಮುನಿದಿದ್ದಾನೇನು, ನಿನ್ನ ಹತ್ತಿರ ಮಾತಾಡುತ್ತಿದ್ದನಲ್ಲ, ನೀನೇ ಕೇಳಿ ಹೇಳು ಎಂದು ನನ್ನ ಕೈ ಹಿಡಿದಳು.

ಇಡೀ ನಾಗಪುರದಲ್ಲಿ ಆ ದನಿ ನಿಂತದ್ದು ತಿಳಿದವಳು ಇವಳೊಬ್ಬಳೇ. ಅವಳ ಮೇಲೆ ಸಿಟ್ಟು ಮಾಡಲು ನನಗೆ ಆಗಲಿಲ್ಲ. "ನಿಮ್ಮ ಮೇಲೆ ಮುನಿಸಿಲ್ಲ ಆಜಿ, ಸಿಮೆಂಟಿನಲ್ಲಿ ಹೂತರೆ ಯಾರು ತಾನೇ ಮಾತಾಡುತ್ತಾರೆ" ಎಂದು ನನಗೆ ಬರುವ ಹರಕು ಮರಾಠಿಯಲ್ಲಿ ಹೇಳಿದೆ. ನಾಡಹಬ್ಬಕ್ಕೆ ನನ್ನ ಜೊತೆ ಬನ್ನಿ ಎಂದು ಕರೆದೆ.

ವಾಡಿಯ ಗುಡ್ಡಕ್ಕೆ ಮತ್ತೆರಡು ಸಲ ಹೋಗಿ ಹುಡುಕಿದೆ. ಆ ಷಡ್ಜ ಇನ್ನೊಂದು ಕಲ್ಲಿನಲ್ಲಿ ಸಿಗಲಿಲ್ಲ. ತಂಬೂರಿ ಮೀಟಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಗುಡ್ಡದ ಮಾತನ್ನು ತಂತಿಯ ಬಾಯಲ್ಲಿ ಆಡಿಸಲು ನನಗೆ ಮನಸ್ಸಾಗಲಿಲ್ಲ. ಷಡ್ಜದ ಜಾಗವನ್ನು ಖಾಲಿ ಬಿಡುವುದೆಂದು ತೀರ್ಮಾನಿಸಿದೆ. ಅಲ್ಲಿ ಕೊಡತಿ ಎತ್ತುತ್ತೇನೆ, ಬಡಿಯುವುದಿಲ್ಲ. ಏನು ಕಳೆದಿದೆ ಎಂದು ಅವರಿಗೂ ಗೊತ್ತಾಗಲಿ ಎಂಬ ಹಟ ನನಗೆ.

ನಾಡಹಬ್ಬದ ಸಂಜೆ ಅಧ್ಯಕ್ಷರು ಮೈಕಿನ ಮುಂದೆ ನಿಂತು "ಈಗ ಮಕ್ಕಳಿಗಾಗಿ ಒಂದು ಸಣ್ಣ ತಮಾಷೆ" ಎಂದರು. ನಾನು ಪೆಟ್ಟಿಗೆಗಳ ನಡುವೆ ಕೂತೆ. ಮುಂದಿನ ಸಾಲಿನಲ್ಲಿ ಶೇಂಗಾ ಸುಲಿಯುತ್ತಿದ್ದರು. ನಸುಕು ಆಯಿತು, ಬಿಸಿಲು ಏರಿತು. ಮೊದಲ ಷಡ್ಜ ಬರಬೇಕಾದಲ್ಲಿ ಕೊಡತಿ ಎತ್ತಿ ನಿಲ್ಲಿಸಿದೆ. ಯಾರೋ ನಕ್ಕರು, ಮರೆತೇ ಹೋಯಿತು ಪಾಪ ಎಂದರು. ಗಡಿಗೆ ಊದಿದೆ, ಎಲೆ ಕೇರಿದೆ. ಎರಡನೆಯ ಸಲ ಎತ್ತಿ ನಿಲ್ಲಿಸಿದಾಗ ನಗು ಇನ್ನಷ್ಟು ಹೆಚ್ಚಿತು.

ಮೂರನೆಯ ಸಲ ಕೊಡತಿ ಎತ್ತಿದೆ. ಹಿಂದಿನ ಸಾಲಿನಿಂದ ಒಂದು ಮುದಿ ದನಿ, ಬಿರುಕು ಬಿಟ್ಟದ್ದು, ಉದ್ದಕ್ಕೆ 'ಹ್ಞೂಂ' ಎಂದು ಎದ್ದಿತು. ಅದು ಬೇವಿನಡಿಯ ಷಡ್ಜ. ಕೂದಲಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಎಷ್ಟು ಮಧ್ಯಾಹ್ನ ಆ ಹೊಸ್ತಿಲ ಮೇಲೆ ಕಣ್ಣು ಮುಚ್ಚಿ ಕೂತಿದ್ದಳೋ, ಆ ಸ್ವರ ಅವಳ ಮೈಯಲ್ಲಿ ಸೇರಿಹೋಗಿತ್ತು. ನನ್ನ ಚಿಕ್ಕ ಕಲ್ಲುಗಳೆಲ್ಲ ಒಮ್ಮೆಗೇ ಮನೆ ಸೇರಿದವು.

ಅಷ್ಟರಲ್ಲೇ 'ಶ್' ಎಂದರು. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದಲೂ ಶ್, ಶ್. ಅಷ್ಟು ಹೊತ್ತು ಶೇಂಗಾ ಸುಲಿಯುತ್ತಿದ್ದವರಿಗೆ ಒಮ್ಮೆಲೇ ಸಭಾಮರ್ಯಾದೆ ನೆನಪಾಗಿತ್ತು. ಆ ದನಿ ನಡುವೆಯೇ ತುಂಡಾಯಿತು. ನಾಲ್ಕನೆಯ ಸಲ, ಐದನೆಯ ಸಲ ಕೊಡತಿ ಎತ್ತಿ ಕಾದೆ. ಅದು ಮತ್ತೆ ಬರಲಿಲ್ಲ. ಸಂಜೆಯ ಬೆಣಚುಗಲ್ಲು ಬಡಿದು ಮುಗಿಸಿದೆ, ಚಪ್ಪಾಳೆ ತಟ್ಟಿದರು.

ಮನೆಗೆ ಮರಳುವಾಗ ಟಾಂಗಾದಲ್ಲಿ ಗಂಡ ಖುಷಿಯಲ್ಲಿದ್ದ. "ಚಲೋ ಆತು" ಎಂದ. ಆಮೇಲೆ ನನ್ನ ಕಡೆ ಬಾಗಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಮೆಲ್ಲಗೆ ಹೇಳಿದ. "ಆಜಿ ನಡುವ ಬಾಯಿ ಹಾಕಿದ್ಲಲ್ಲ, ಬಾಜೂಕ ನಾನ ಕುಂತಿದ್ದೆ. ಭುಜಾ ಹಿಡದು ಸುಮ್ಮನ ಕುಂದರಿಸಿದೆ. ಇಲ್ಲಾಂದ್ರ ನಿಂದು ಎಲ್ಲಾ ಕೆಡಸತಿದ್ಲು."

ಆಜಿ ನಮ್ಮ ಎದುರಿಗೇ ಕೂತಿದ್ದಳು. ಮನೆ ಬರುವ ತನಕ ಅವಳು ಬಾಯಿಯ ಮೇಲಿನ ಸೆರಗು ತೆಗೆಯಲಿಲ್ಲ.