ಮಾಸ್ಟ್ರ ಬಾಯಿಗೆ ಬಿದ್ದ ಓಟು

ಆ ಕಾಲದಲ್ಲಿ ಹೊಳೆಗೂ ಕಡಲಿಗೂ ನಡುವಿನ ಮರಳುದಿಣ್ಣೆಯಾದ ನಮ್ಮ ಬೆಂಗ್ರೆಗೆ ಎಲ್ಲವೂ ದೋಣಿಯಲ್ಲೇ ಬರಬೇಕಿತ್ತು. ಅಕ್ಕಿ, ಸೀಮೆಎಣ್ಣೆ, ಮದುಮಗಳು, ಚುನಾವಣೆ. ಬಿಸಿಲೇರಿ ಬಾವಿಗಳು ಉಪ್ಪಾದರೆ ಕುಡಿಯುವ ನೀರೂ ಅಷ್ಟೆ. ಹೆಂಗಸರು ಕೊಡ ಹಿಡಿದು ಹೊಳೆ ದಾಟಿ ಮಂಗಳೂರಿನ ನಳ್ಳಿಯೆದುರು ಸಾಲು ನಿಲ್ಲುತ್ತಿದ್ದರು. ನಾವು ಮಕ್ಕಳು ಒಣಮೀನಿನ ವಾಸನೆಯ ನಡುವೆ ಏಡಿ ಅಟ್ಟಿಸಿಕೊಂಡು ಓಡಿ, ಬಾಯಾರಿದರೆ ಬೆಲ್ಲ ಕಚ್ಚಿಕೊಂಡು ಬಾವಿಯ ನೀರನ್ನೇ ಕುಡಿಯುತ್ತಿದ್ದೆವು.

ಅಪ್ಪ ಅಲ್ಲಿನ ಶಾಲೆಯ ಮಾಸ್ಟ್ರು. ಊರಿನವರ ಕಾಗದ ಓದುವವರೂ ಬರೆಯುವವರೂ ಅವರೇ. ನನಗೆ ಹತ್ತು ವರ್ಷವಾಗಿದ್ದಾಗ, ಅರವತ್ತರ ದಶಕದ ಆರಂಭದಲ್ಲಿ, ಘಟ್ಟದ ಮೇಲಿನ ದೊಡ್ಡ ನಾಯಕರೊಬ್ಬರು ಪ್ರಚಾರಕ್ಕೆ ಬಂದರು. ಅವರ ಪುಸ್ತಕದ ಕನ್ನಡ ನಮ್ಮ ಹೆಂಗಸರಿಗೆ ಅರ್ಥವಾಗದು. ಅದನ್ನು ತುಳುವಿನಲ್ಲಿ ಹೇಳಲು ಅಪ್ಪನನ್ನು ವೇದಿಕೆ ಹತ್ತಿಸಿದರು. ನಾನು ಅಪ್ಪನ ಕಾಲ ಬುಡದಲ್ಲೇ ಕೂತಿದ್ದೆ.

ನಾಯಕರಿಗೆಂದು ಎಳನೀರು ಕೆತ್ತಿಟ್ಟಿದ್ದರು. ಪಕ್ಕದ ಮನೆಯ ಕಲ್ಯಾಣಿಯಕ್ಕ ಬೇಕೆಂದೇ ಬಾವಿಯ ನೀರು ಕೊಟ್ಟಳು. ಅವರು ಒಂದು ಗುಟುಕು ಕುಡಿದು ಮುಖ ಕಿವುಚಿ, ಲೋಟ ಎತ್ತಿ ಹಿಡಿದರು. "ತಾಯಂದಿರೇ, ಇದು ನೀರಲ್ಲ, ನಿಮ್ಮ ಕಣ್ಣೀರು! ನಮ್ಮದು ಬಡವರ ಪಕ್ಷ, ಕೊಟ್ಟ ಮಾತಿಗೆ ತಪ್ಪದ ಪಕ್ಷ. ಮುಂದಿನ ಬೇಸಿಗೆಯೊಳಗೆ ಮನೆಮನೆಗೆ ಸಿಹಿನೀರು!"

ಅಪ್ಪ ತಡೆದರು. ಬಾಗಿ ಮೆಲ್ಲಗೆ ಕೇಳಿದರು, "ಸರ್, ಮನೆಮನೆಗೆ ಅಂತಲೇ ಹೇಳ್ಬೇಕಾ?"

"ಹೇಳ್ರೀ ಮೇಷ್ಟ್ರೇ, ಧೈರ್ಯವಾಗಿ ಹೇಳ್ರೀ."

ಅಪ್ಪ ಹೇಳಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಷ ಗೆದ್ದಿತು, ನಾಯಕರು ಮಂತ್ರಿಯಾದರು.

ಮರುವರ್ಷದ ಬೇಸಿಗೆಗೆ ಪೈಪಿನ ಒಂದು ತುಂಡೂ ಬರಲಿಲ್ಲ. ಮಂತ್ರಿಗಳು ಮಂಗಳೂರಿಗೆ ಬಂದಿದ್ದಾರೆಂದು ತಿಳಿದು ಅಪ್ಪ, ನಾನು ಸೇರಿ ಊರಿನ ಏಳೆಂಟು ಮಂದಿ ಅವರು ಇಳಿದುಕೊಂಡಲ್ಲಿಗೆ ಹೋದೆವು. ಕಲ್ಯಾಣಿಯಕ್ಕ ತನಗೆ ಬಂದಷ್ಟು ಕನ್ನಡದಲ್ಲಿ ಕೇಳಿಯೇಬಿಟ್ಟಳು, "ನೀರು ಎಲ್ಲಿ ಉಂಟು ಸ್ವಾಮಿ?"

ಮಂತ್ರಿಗಳು ನಕ್ಕರು. "ಪ್ರಯತ್ನ ಮಾಡೋಣ ಅಂದಿದ್ದೆ ಕಣಮ್ಮ. ನಿಮ್ಮ ಮೇಷ್ಟ್ರು ತುಳುವಿನಲ್ಲಿ ಏನೇನು ಸೇರಿಸಿದರೋ ನನಗೇನು ಗೊತ್ತು?" ಎಂದು ಅಪ್ಪನ ಬೆನ್ನು ತಟ್ಟಿದರು. "ಉತ್ಸಾಹ ಸ್ವಲ್ಪ ಜಾಸ್ತಿ ಇವರಿಗೆ." ಸುತ್ತಲಿದ್ದ ಪಕ್ಷದವರೂ ನಕ್ಕರು. ಎಂಥ ನಾಚಿಕೆಗೆಟ್ಟ ನಗು! ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ಬಾಯಿ ತೆರೆಯುವುದರೊಳಗೆ ಅಪ್ಪ ನನ್ನ ಭುಜ ಅದುಮಿದರು. ಮಂತ್ರಿಯೊಬ್ಬನನ್ನು ಸುಳ್ಳುಗಾರ ಎನ್ನುವ ಧೈರ್ಯ ಆ ಬಡ ಮಾಸ್ಟ್ರಿಗೆ ಇರಲಿಲ್ಲ.

ದೋಣಿ ಹತ್ತಿ ಹಿಂದಿರುಗಿದೆವು. ದಡ ಹತ್ತಿರವಾದಾಗ ಕಲ್ಯಾಣಿಯಕ್ಕ ಹೇಳಿದಳು, "ನಾವು ಅವರ ಮುಖ ನೋಡಿ ಓಟು ಹಾಕಿದ್ದಲ್ಲ ಮಾಸ್ಟ್ರೇ. ನೀವು ಹೇಳಿದಿರಿ ಅಂತ ಹಾಕಿದ್ದು."

ಆಮೇಲೆ ಕಾಗದ ಓದಿಸಲು ಬರುವವರು ಕಡಿಮೆಯಾದರು. ಮುಂದಿನ ಚುನಾವಣೆಗೆ ಅದೇ ನಾಯಕರು ಅದೇ ಭಾಷಣದೊಂದಿಗೆ ಬಂದರು. ತುಳುವಿಗೆ ಬೇರೆ ಯಾರನ್ನೋ ಕರೆಸಿದ್ದರು. ಊರು ಮತ್ತೆ ಚಪ್ಪಾಳೆ ತಟ್ಟಿತು, ಮತ್ತೆ ಓಟು ಹಾಕಿತು. ಅವರಿಗೆ ಸಿಕ್ಕ ಕ್ಷಮೆ ಅಪ್ಪನಿಗೆ ಸಿಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಬೆಂಗ್ರೆಗೆ ಪೈಪು ಬಂತು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಊರನ್ನು ದೂರುವ ಹಕ್ಕೂ ನನಗಿಲ್ಲ. ಮಂತ್ರಿಗಳನ್ನು ಕಂಡು ಬಂದ ಆ ದಿನ ದೋಣಿ ಇಳಿದು ಮರಳಿನಲ್ಲಿ ನಡೆಯುವಾಗ, ಎರಡೂ ಭಾಷೆಯಲ್ಲಿ ಎಲ್ಲವನ್ನೂ ಕಿವಿಯಾರೆ ಕೇಳಿದ್ದ ನಾನೇ ಕೇಳಿದ್ದೆ:

"ಅಪ್ಪಾ, ನೀವು ಸೇರಿಸಿ ಹೇಳಿದ್ದಾ?"

ಅಪ್ಪ ನಿಂತು ನನ್ನ ಮುಖವನ್ನೇ ನೋಡಿದರು. "ನೀನು ಅಲ್ಲೇ ಕೂತಿದ್ದೆಯಲ್ಲ ಮಗಳೇ," ಎಂದರು.