ವೆಂಕಟೇಶಪ್ಪನ ಇದ್ದಿಲ ಗೆರೆಗಳು

ಪೀಣ್ಯದ ನಮ್ಮ ಶೆಡ್ಡಿನಲ್ಲಿ ವೆಂಕಟೇಶಪ್ಪ ಹತ್ತೊಂಬತ್ತು ವರ್ಷ ಜನರೇಟರ್ ನೋಡಿಕೊಂಡ. ಕರೆಂಟು ಹೋದರೆ ಚಾಲೂ ಮಾಡುವುದು, ಒಂದು ಕ್ಯಾನ್ ಡೀಸೆಲ್ ಸುರಿದರೆ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುವುದು. ಓದು ಬರಹ ಬಾರದು. ಯುಗಾದಿಗೆ ಗೋಡೆ ತೊಳೆದು ಮತ್ತೆ ಶುರು. ಹೊಗೆ ಕುಡಿದು ಕುಡಿದು ಅವನ ಕೆಮ್ಮು ಮಿಷಿನ್ ಸದ್ದಿನಲ್ಲೂ ಕೇಳುತ್ತಿತ್ತು.

ಅಣುವಿದ್ಯುತ್ ಸ್ಥಾವರದ ವಾಲ್ವುಗಳಿಗೆ ಬಿಡಿಭಾಗ ಮಾಡುವ ಶೆಡ್ಡು ನಮ್ಮದು. ನಾನು ಲೇತ್ ಮೇಸ್ತ್ರಿ. ಹೋದ ವರ್ಷ ಆಯುಧಪೂಜೆ ಮುಗಿದ ವಾರ ವಾಲ್ವ್ ಕಂಪನಿಯ ಇಂಜಿನಿಯರ್ ಲಾವಣ್ಯ ಬಂದು, ಅಣುವಿದ್ಯುತ್ತಿನ ಒಟ್ಟು ಹೊಗೆಯ ಲೆಕ್ಕಕ್ಕೆಂದು ನಾವು ಎಷ್ಟು ಡೀಸೆಲ್ ಸುಟ್ಟೆವೆಂದು ಕೇಳಿದರು. "ಲೆಕ್ಕ ಜಾಸ್ತಿ ಬಂದ್ರೆ ಜನರೇಟರೇ ಬೇಡ, ತೆಗೆದುಬಿಡ್ತೀನಿ" ಎಂದು ಮಾಲೀಕ ಅಮರೇಶ್ ಮೊದಲೇ ಹೇಳಿದ್ದರು.

ನನಗೆ ರೇಗಿತು. "ಅಣು ಕರೆಂಟಲ್ಲಿ ಹೊಗೇನೇ ಬರಲ್ಲ ಅಂತೀರ. ಮತ್ತೆ ನಮ್ಮ ಹೊಗೆ ಯಾಕೆ ಮೇಡಂ?"

"ಸ್ಥಾವರ ಓಡೋವಾಗ ಬರಲ್ಲ ಅಣ್ಣ. ಯುರೇನಿಯಂ ಅಗೆಯೋವಾಗ, ಸಿಮೆಂಟು, ಸ್ಟೀಲು ಮಾಡೋವಾಗ, ನಿಮ್ಮಂಥ ಶೆಡ್ಡಲ್ಲಿ ಬಿಡಿಭಾಗ ಮಾಡೋವಾಗ, ಕೊನೆಗೆ ಸ್ಥಾವರ ಕೆಡವೋವಾಗ ಬರುತ್ತೆ. ಎಲ್ಲಾ ಸೇರಿಸಿದ್ರೂ ಕಲ್ಲಿದ್ದಲಿಗಿಂತ ತುಂಬಾ ಕಮ್ಮಿ. ಆದ್ರೆ ಸೇರಿಸ್ಲೇಬೇಕು."

"ಗೋಡೆ ಮ್ಯಾಲೈತೆ ಬನ್ನಿ ಮೇಡಂ" ಎಂದು ವೆಂಕಟೇಶಪ್ಪ ಖುಷಿಯಿಂದ ಎದ್ದ. ಅವನ ಗೆರೆಗಳ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ.

ಪೂಜೆಯ ಹಿಂದಿನ ದಿನ ನಾನೇ ಬೈದಿದ್ದೆ. "ಈ ಮಸಿ ಗೋಡೆಗೆ ಅರಿಶಿನ ಕುಂಕುಮ ಇಡ್ತೀಯೇನಯ್ಯಾ? ಸುಣ್ಣ ಹೊಡಿ."

"ಗೆರೆ ಓಯ್ತದೆ ಮೇಸ್ತ್ರಿ."

"ನಿನ್ ಗೆರೆ ಯಾವನ್ ನೋಡ್ತಾನೆ?"

ಅವನೇ ಬಳಿದಿದ್ದ. ಎರಡು ಕೋಟು.

ಇನ್ನು ಉಳಿದದ್ದು ಬಂಕಿನ ರಸೀದಿ; ಅದರಲ್ಲಿ ಟೆಂಪೋ ಡೀಸೆಲ್ಲೂ ಸೇರಿಹೋಗಿ ಜನರೇಟರಿನದು ಎಷ್ಟೆಂದು ಗೊತ್ತಾಗುತ್ತಿರಲಿಲ್ಲ. ಲಾವಣ್ಯ ಬಿಳಿ ಗೋಡೆಯನ್ನೇ ನೋಡಿದರು. "ದಾಖಲೆ ಇಲ್ದಿದ್ರೆ ಶಿಫ್ಟ್ ಪೂರ್ತಿ ಜನರೇಟರ್ ಓಡಿದೆ ಅಂತ ಬರೀಬೇಕು, ಅದೇ ರೂಲ್ಸು."

"ದಿನಕ್ಕೆ ಒಂದು ಗಂಟೆನೂ ಓಡಾಕಿಲ್ಲ ಕಣವ್ವ" ಎಂದ ವೆಂಕಟೇಶಪ್ಪ. ಸುಣ್ಣ ಯಾರು ಹೊಡೆಸಿದರೆಂದು ಲಾವಣ್ಯ ಕೇಳಿದರು. "ನಾನೇ" ಎಂದ.

ಲೆಕ್ಕ ಜಾಸ್ತಿಯೇ ಬಂತು. ತಿಂಗಳೊಳಗೆ ಬ್ಯಾಟರಿ ಬಂತು, ಜನರೇಟರ್ ಗುಜರಿಗೆ ಹೋಯಿತು. ವೆಂಕಟೇಶಪ್ಪನನ್ನೂ ಕೆಲಸದಿಂದ ಕಳಿಸಿದರು. ನಾನು ಅಮರೇಶ್ ಸಾರ್ ಟೇಬಲ್ ಗುದ್ದಿ ಕೂಗಾಡಿದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಸುಣ್ಣ ಹೊಡೆಸಿದ್ದು ನಾನು ಎಂಬ ಒಂದು ಮಾತು ಮಾತ್ರ ಬರಲಿಲ್ಲ.

ಈಗ ಅವನು ಮಾಕಳಿಯಲ್ಲಿ ಒಂದು ಗೋದಾಮಿನ ಗೇಟು ಕಾಯುತ್ತಾನೆ. ಬಸ್ಸಿನಿಂದ ಕಾಣುತ್ತಾನೆ, ಗೇಟು ಹಿಡಿದು ಕೆಮ್ಮುತ್ತಿರುತ್ತಾನೆ. ನಾನು ಇಳಿಯುವುದಿಲ್ಲ.