ಮೊದಲ ತುಂಡು

ಆ ಕಾಲದಲ್ಲಿ ಕೊಟ್ಟಾರದ ನಮ್ಮ ಓಣಿಯಲ್ಲಿ ಇಷ್ಟು ಫ್ಲಾಟುಗಳಿರಲಿಲ್ಲ. ಎದುರಿಗೆ ವಕೀಲರ ಹೆಂಚಿನ ಮನೆ, ಅದರ ಕಂಪೌಂಡಿನ ಹಿಂದೆ ನಮ್ಮ ಬಾಡಿಗೆ ಮನೆ, ನಡುವೆ ಒಂದು ಗೇರುಮರ. ಏಪ್ರಿಲ್ ಬಂದರೆ ಓಣಿಯಿಡೀ ಗೇರುಹಣ್ಣಿನ ವಾಸನೆ. ಆ ಮರದ ಅಡಿಯಲ್ಲಿ ಲಗೋರಿ ಆಡಿ, ಅಂಗಿಗೆ ಕಲೆ ಮಾಡಿಕೊಂಡು, ಮನೆಗೆ ಹೋಗಿ ಪೆಟ್ಟು ತಿನ್ನುತ್ತಿದ್ದೆವು. ಇದೆಲ್ಲ ನಿಮಗೂ ಗೊತ್ತಿರುವುದೇ. ನಾನು ಹೇಳುವುದು ಬೇರೆ. ಐದನೇ ಕ್ಲಾಸು ಮುಗಿದ ಆ ದೊಡ್ಡ ರಜೆಯಲ್ಲಿ ನನಗೆ ಪ್ರೀತಮನ ಅಪ್ಪ ಬೇಕಿತ್ತು. ನನ್ನ ಅಪ್ಪನಾಗಿ ಬೇಕಿತ್ತು.

ಪ್ರೀತಮ್ ವಕೀಲರ ಮಗ, ನನ್ನದೇ ಪ್ರಾಯದವ. ವಕೀಲರು ಹಡಗಿನ ಕೇಸು ನಡೆಸುತ್ತಿದ್ದರು. ಅದಕ್ಕಾಗಿ ಮುಂಬೈ, ದೆಹಲಿ, ಕೋಲ್ಕತ್ತಾ, ಕೊಲಂಬೊ, ಸಿಂಗಾಪುರ ಎಂದು ತಿರುಗುವುದು. ನನ್ನ ಅಪ್ಪನೂ, ನಮ್ಮಲ್ಲಿ ಉಪ್ಪ ಅನ್ನುವುದು, ಪರದೇಶದಲ್ಲೇ ಇದ್ದರು, ದುಬೈಯ ಒಂದು ಕಿರಾಣಿ ಅಂಗಡಿಯಲ್ಲಿ. ವಕೀಲರು ಹೋದರೆ ಒಂದು ವಾರದಲ್ಲಿ ತಿರುಗಿ ಬರುತ್ತಿದ್ದರು. ಉಪ್ಪ ಬರಲು ಎರಡು ವರ್ಷ ಬೇಕು.

ವಕೀಲರು ಬಂದ ಕೂಡಲೇ ಒಂದು ಕ್ರಮ ಇತ್ತು. ಬೂಟು ಸಹ ಬಿಚ್ಚದೆ ಮೆಟ್ಟಿಲಲ್ಲಿ ಕೂತುಕೊಳ್ಳುವರು. "ಪ್ರೀತೂ!" ಎಂದು ಒಂದು ಕೂಗು. ಚೀಲದಿಂದ ಆ ಊರಿನ ಮಿಠಾಯಿ ಹೊರಗೆ. ಓಣಿಯ ಮಕ್ಕಳೆಲ್ಲ ಓಡಿ ಬರುತ್ತಿದ್ದೆವು. ಮೊದಲ ತುಂಡನ್ನು ಮುರಿದು ಅವರು ತಮ್ಮ ಕೈಯಿಂದಲೇ ಪ್ರೀತಮನ ಬಾಯಿಗೆ ಇಡುತ್ತಿದ್ದರು. "ಹೇಳು ನೋಡುವ, ಎಲ್ಲಿಯದ್ದು?"

ಅವನಿಗೆ ಎಂತದೂ ಗೊತ್ತಾಗುತ್ತಿರಲಿಲ್ಲ. ಬಾಯಿ ತುಂಬ ಇಟ್ಟುಕೊಂಡು "ಬೆಂಗಳೂರು" ಅನ್ನುವನು. ಪ್ರತಿ ಸಲವೂ ಬೆಂಗಳೂರು.

ಆಮೇಲೆ ನಮಗೆ. ನಾವು ಸಾಲಾಗಿ ಕೈ ಒಡ್ಡುವುದು, ಅವರು ಕೈಗೆ ಹಾಕುವುದು. ನಾನು ನಾಲಿಗೆ ಮೇಲಿಟ್ಟು ಒಮ್ಮೆಗೇ ಹೇಳುತ್ತಿದ್ದೆ. "ಪೇಠಾ, ಆಗ್ರಾ." "ಸಂದೇಶ್, ಕೋಲ್ಕತ್ತಾ." "ಪೇಡಾ, ಧಾರವಾಡ."

"ಭಾರೀ ಉಂಟು ಮಾರಾಯ ನಿನ್ನ ನಾಲಿಗೆ! ಇವನನ್ನು ನೋಡಿ ಕಲಿ ಪ್ರೀತೂ," ಎಂದು ವಕೀಲರು ನಗುತ್ತಿದ್ದರು. ಮುಂದಿನ ಸಲ ಮೊದಲ ತುಂಡು ಪುನಃ ಪ್ರೀತುವಿನ ಬಾಯಿಗೇ. ಸರಿಯಾಗಿ ಹೇಳಿದವ ನಾನು, ಬಾಯಿ ಅವನದ್ದು. ಇದು ಯಾವ ನ್ಯಾಯ? ಹೊಟ್ಟೆ ಉರಿಯುತ್ತಿತ್ತು. ಸಿಹಿ ಗಂಟಲಲ್ಲಿ ಇಳಿಯುವಾಗಲೂ ಉರಿಯುತ್ತಿತ್ತು.

ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಉಪ್ಪ ವಕೀಲರ ಮನೆಗೆ ಫೋನು ಮಾಡುತ್ತಿದ್ದರು. ಪ್ರೀತಮನ ಅಮ್ಮ ಕಂಪೌಂಡಿನ ಆಚೆಯಿಂದ ಕರೆಯುವರು, ಉಮ್ಮ ತಲೆಗೆ ಬಟ್ಟೆ ಎಳೆದುಕೊಂಡು ಓಡುವಳು, ಹಿಂದೆ ನಾನು. ಉಮ್ಮನ ಮಾತು ಮುಗಿದ ಮೇಲೆ ಕೊನೆಗೆ ನನಗೆ.

"ಎಂತ ಮಾಡ್ತಾ ಇದ್ದೀ ಹನೀಫ?" ಎಂದು ಉಪ್ಪ ಕೇಳುವರು.

"ವಕೀಲ ಅಂಕಲ್ ದೆಹಲಿಯಿಂದ ಸೋನ್ ಹಲ್ವಾ ತಂದ್ರು ಉಪ್ಪ. ವಕೀಲ ಅಂಕಲ್ ನಮ್ಮನ್ನು ಬೀಚಿಗೆ ಕರ್ಕೊಂಡು ಹೋದ್ರು. ವಕೀಲ ಅಂಕಲಿಗೆ ಈಜ್ಲಿಕ್ಕೆ ಬರ್ತದೆ."

"ಹೌದಾ," ಅನ್ನುವರು ಉಪ್ಪ. ನಾನು ಫೋನು ಇಟ್ಟು ಆಡಲು ಓಡುವೆನು.

ಆ ರಜೆಯಲ್ಲಿ ಉಪ್ಪ ಬರುವುದೆಂದು ಆಯಿತು. ಕೆಂಪು ರಿಮೋಟ್ ಕಾರು ಬೇಕೆಂದು ಫೋನಿನಲ್ಲಿ ಹೇಳಿದೆ. ಪ್ರೀತಮನ ಹತ್ತಿರ ಇಲ್ಲದ್ದು ಅದೊಂದೇ. "ತರ್ತೇನೆ" ಎಂದರು. ಓಣಿಗೆಲ್ಲ ಸುದ್ದಿ ಹರಡಿಸಿದೆ. ಪ್ರೀತಮನಿಗೆ ಎರಡು ಸಲ ಹೇಳಿದೆ. ಅವನ ಮುಖ ಸಣ್ಣಗಾದದ್ದು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ವ್ಯಾನು ತುಂಬ ಜನ ಬಜಪೆ ವಿಮಾನ ನಿಲ್ದಾಣಕ್ಕೆ ಹೋದೆವು. ಮಾಮ, ಮಾಮಿ, ಅವರ ಮಕ್ಕಳು, ಉಮ್ಮನ ಮಡಿಲಲ್ಲಿ ನಾನು. ಬಿಸಿಲಲ್ಲಿ ಕಂಬಿ ಹಿಡಿದು ನಿಂತೆವು. ನೀಲಿ ಹಗ್ಗ ಕಟ್ಟಿದ ದೊಡ್ಡ ರಟ್ಟಿನ ಪೆಟ್ಟಿಗೆ ತಳ್ಳಿಕೊಂಡು ಉಪ್ಪ ಹೊರಗೆ ಬಂದರು. ಮಾಮ ನನ್ನ ತಲೆಗೆ ಒಂದು ಬಿಟ್ಟು, "ಬಂತು ನೋಡು ನಿನ್ನ ಕಾರು" ಎಂದರು. ನಾನು ಮೊದಲು ನೋಡಿದ್ದು ಪೆಟ್ಟಿಗೆಯನ್ನು, ಆಮೇಲೆ ಉಪ್ಪನನ್ನು.

ಪೆಟ್ಟಿಗೆ ಬಿಚ್ಚುವುದಕ್ಕೆ ನಮ್ಮಲ್ಲೂ ಕ್ರಮ ಉಂಟು. ನೆಂಟರೆಲ್ಲ ಸುತ್ತ ಕೂರಬೇಕು. ಹಗ್ಗ ಕತ್ತರಿಸಿದ ಕೂಡಲೇ ಸಾಬೂನು, ಅತ್ತರು, ಹಾಲಿನ ಪುಡಿ ಎಲ್ಲ ಸೇರಿ ಒಂದು ವಾಸನೆ ಬರುತ್ತದೆ, ಅದುವೇ ಗಲ್ಫಿನ ವಾಸನೆ. ಮೊದಲು ಹಿರಿಯರಿಗೆ, ಆಮೇಲೆ ನೆಂಟರಿಗೆ, ಆಮೇಲೆ ನೆರೆಯವರಿಗೆ. ಮನೆಯ ಮಕ್ಕಳಿಗೆ ಎಲ್ಲರಿಗಿಂತ ಕೊನೆಗೆ. ಬಂದವರ ಎದುರು ಸ್ವಂತ ಮಗನಿಗೆ ಮೊದಲು ಕೊಟ್ಟರೆ ಅದು ಮರ್ಯಾದೆಯಲ್ಲ. ವಕೀಲರ ಮೆಟ್ಟಿಲಲ್ಲಿ ಮಗನಿಗೆ ಮೊದಲು, ನಮ್ಮ ಚಾಪೆಯಲ್ಲಿ ಮಗನಿಗೆ ಕೊನೆಗೆ. ನಾನು ಎರಡು ಕಡೆಯೂ ಕೊನೆಯವ.

ಕಾರು ಪೆಟ್ಟಿಗೆಯ ಅಡಿಯಲ್ಲೇ ಇತ್ತು. ಕೆಂಪೇ. ಕೈ ಹಾಕಿದೆ. "ಈಗ ಬೇಡ" ಎಂದು ಉಪ್ಪ ಅದನ್ನು ಕಪಾಟಿನ ಮೇಲಿಟ್ಟರು.

ಸಾಯಂಕಾಲ ಉಪ್ಪ ಇಸ್ತ್ರಿಯ ಅಂಗಿ ಹಾಕಿ, ಕಾರು ಹಿಡಿದುಕೊಂಡು, "ಬಾ, ವಕೀಲರ ಮನೆಗೆ ಹೋಗುವ" ಎಂದರು. ತೋರಿಸಲಿಕ್ಕೆಂದು ಎಣಿಸಿದೆ. ಎದೆ ಉಬ್ಬಿಸಿ ಮುಂದೆ ನಡೆದೆ.

ವಕೀಲರು ಮೆಟ್ಟಿಲಲ್ಲೇ ಇದ್ದರು, ಆಗಷ್ಟೆ ಎಲ್ಲಿಂದಲೋ ಬಂದವರು. ಉಪ್ಪ ಸೀದಾ ಹೋಗಿ ಕಾರನ್ನು ಪ್ರೀತಮನ ಕೈಯಲ್ಲಿಟ್ಟರು.

"ಇದೆಂತ ಹಮೀದಾಕ? ನಿಮ್ಮ ಮಗನಿಗೆ ತಂದದ್ದಲ್ವಾ ಇದು?" ಎಂದರು ವಕೀಲರು.

"ಅವನಿಗೆ ಬೇರೆ ಉಂಟು," ಎಂದರು ಉಪ್ಪ.

ಬೇರೆ ಎಂತ ಉಂಟು? ಒಂದು ಟೀಶರ್ಟು, ಒಂದು ಪೆನ್ಸಿಲ್ ಬಾಕ್ಸು. ಅಳು ತಡೆಯಲು ಗೇರುಮರ ನೋಡುತ್ತಾ ನಿಂತೆ.

ಕೋರ್ಟಿನಲ್ಲಿ ಜನರ ಮುಖ ನೋಡಿ ನೋಡಿ ಅಭ್ಯಾಸವಾದವರು, ವಕೀಲರಿಗೆ ಗೊತ್ತಾಯಿತೆಂದು ಕಾಣುತ್ತದೆ. ಚೀಲದಿಂದ ಡಬ್ಬಿ ತೆಗೆದರು. ಮೊದಲ ತುಂಡು ಮುರಿದು ನನ್ನ ಬಾಯಿಯ ಹತ್ತಿರ ತಂದರು. "ಆ ಮಾಡು ಹನೀಫ. ಹೇಳು ನೋಡುವ, ಎಲ್ಲಿಯದ್ದು?"

ನಾನು ಬಾಯಿ ತೆರೆದೆ. ಅವರ ಬೆರಳಿನಲ್ಲಿ ಪೆನ್ನಿನ ಶಾಯಿಯ ವಾಸನೆ. ಮಿಠಾಯಿ ಎಲ್ಲಿಯದ್ದೆಂದು ಅದೊಂದು ದಿನ ಗೊತ್ತಾಗಲಿಲ್ಲ.

"ಪಪ್ಪಾ, ಮೊದಲು ನನಗೆ!" ಪ್ರೀತಮ್ ಕಾರನ್ನು ನೆಲಕ್ಕೆ ಬಿಸಾಡಿ ಬೊಬ್ಬೆ ಹಾಕಿದ. ವಕೀಲರು ಅವನನ್ನು ಎತ್ತಿ ತೊಡೆ ಮೇಲೆ ಕೂರಿಸಿ, "ಆಯ್ತು ಮಗಾ, ತಪ್ಪಾಯ್ತು, ತಪ್ಪಾಯ್ತು" ಎಂದು ಕೆನ್ನೆ ಒರಸಿದರು. ನನ್ನ ಕಾರು ಮಗುಚಿ ಬಿದ್ದಿತ್ತು. ನಾನು ಕಾರು ನೋಡಲಿಲ್ಲ, ಆ ತೊಡೆಯನ್ನು ನೋಡಿದೆ. ಉಪ್ಪ "ಬರ್ತೇವೆ" ಎಂದು ಗೇಟಿನ ಕಡೆ ತಿರುಗಿ ಆಗಿತ್ತು. ಎರಡು ತಿಂಗಳು ಕಳೆದು ಅವರು ದುಬೈಗೆ ಹೋದರು.

ಮೊನ್ನೆ ವಕೀಲರು ತೀರಿಕೊಂಡರು. ನಾನೀಗ ಏಸಿ ರಿಪೇರಿ ಮಾಡುವವ. ಉಪ್ಪ ಕೆಲಸ ಬಿಟ್ಟು ಊರಲ್ಲೇ ಇದ್ದಾರೆ, ಶುಗರ್ ಉಂಟು. ನಾವು ಆ ಓಣಿ ಬಿಟ್ಟು ವರ್ಷಗಳಾಗಿದ್ದವು, ಇಬ್ಬರೂ ಬೈಕಿನಲ್ಲಿ ನೋಡಲು ಹೋದೆವು. ತನ್ನ ಅಪ್ಪ ಎಲ್ಲೆಲ್ಲಿಗೆ ಹೋಗಿದ್ದರು, ಎಲ್ಲಿಂದ ಎಂತ ತಂದಿದ್ದರು ಎಂದು ಪ್ರೀತಮ್ ಬಂದವರಿಗೆಲ್ಲ ಹೇಳಿ ಹೇಳಿ ಅಳುತ್ತಿದ್ದ. ಸತ್ಯ ಹೇಳುತ್ತೇನೆ, ಆಗಲೂ ನನಗೆ ಹೊಟ್ಟೆ ಉರಿಯಿತು. ಹೇಳಲಿಕ್ಕೆ ಅವನ ಹತ್ತಿರ ಅಷ್ಟು ಉಂಟಲ್ಲ.

ಬೈಕಿನಲ್ಲಿ ವಾಪಸು ಬರುವಾಗ ಹಿಂದಿನಿಂದ ಉಪ್ಪ, "ಒಳ್ಳೆ ಜನ" ಎಂದರು. ಸ್ವಲ್ಪ ಮುಂದೆ ಹೋದ ಮೇಲೆ, "ನನಗೆ ಅವರನ್ನು ಕಂಡರೆ ಆಗ್ತಿರಲಿಲ್ಲ" ಎಂದರು.

ಬೈಕು ಬದಿಗೆ ನಿಲ್ಲಿಸಿದೆ. "ಎಂತ ಹೇಳಿದ್ದು ನೀವು?"

"ಫೋನಿನಲ್ಲಿ ನಿಂದು ಬರೇ ವಕೀಲ ಅಂಕಲ್, ವಕೀಲ ಅಂಕಲ್. ಉಪ್ಪ ನೀವು ಎಂತ ತಿಂದ್ರಿ ಅಂತ ಒಮ್ಮೆಯಾದ್ರೂ ಕೇಳಿದ್ದೀಯಾ?"

"ಅದಕ್ಕೆ ಕಾರು ಅವನಿಗೆ ಕೊಟ್ರಾ?"

"ಮತ್ತೆ? ಅವರು ನಿನಗೆ ತಿನ್ನಿಸಿದ್ದರ ಋಣ ಎಲ್ಲ ಒಮ್ಮೆಗೇ ತೀರ್ಲಿ ಅಂತ ಕೊಟ್ಟೆ. ನೋಡಿದ್ರೆ ನೀನು ನನ್ನ ಎದುರೇ ಅವರಿಗೆ ಬಾಯಿ ತೆರೆದಿ."

ಉಪ್ಪ ಇಳಿದು ಎದುರಿನ ಬೇಕರಿಗೆ ಹೋದರು. ಪೇಡಾದ ಪೊಟ್ಟಣ ತಂದು, ಬೈಕಿನ ಸೀಟಿನ ಮೇಲಿಟ್ಟು ಬಿಚ್ಚಿದರು. ಒಂದು ತುಂಡು ಮುರಿದರು. ಅವರಿಗೆ ತಿನ್ನಲಿಕ್ಕಿಲ್ಲ.

ಗೇರುಮರ ಕಡಿದು ಎಷ್ಟೋ ಕಾಲವಾಯಿತು. ವಕೀಲರ ಮನೆಯೂ ಇನ್ನು ಫ್ಲಾಟಾಗುತ್ತದಂತೆ, ಆ ಮೆಟ್ಟಿಲು ಹೋಗುತ್ತದೆ. ಹೋಗಲಿ. ನನಗೆ ಅದರ ಬೇಜಾರಿಲ್ಲ. ಪೇಡಾ ಹಿಡಿದ ಉಪ್ಪನ ಕೈ ನನ್ನ ಬಾಯಿಯ ಹತ್ತಿರದವರೆಗೆ ಬಂದಿತ್ತು. ಅಷ್ಟರಲ್ಲಿ ನಾನು ಅಂಗೈ ಒಡ್ಡಿ ಆಗಿತ್ತು. ಅವರು ಒಂದು ಕ್ಷಣ ನೋಡಿ, ತುಂಡನ್ನು ಅಂಗೈಗೆ ಹಾಕಿದರು.

ಬೇಕೆಂದು ಒಡ್ಡಿದ್ದಲ್ಲ. ಆ ಮೆಟ್ಟಿಲಿನ ಎದುರು ನಿಂತು ನಿಂತು ನನ್ನ ಕೈಗೆ ಅಭ್ಯಾಸವಾಗಿಬಿಟ್ಟಿದೆ.